ನರ, ನಾಡಿ, ನಾಲೆ
(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಡಾಕ್ಟರು, ಆರೋಗ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿ" ಎಂದರು. ಆರೋಗ್ಯ ಅಂದರೆ ಬಹಳ ದೊಡ್ಡ ವಿಷಯ. ಅರ್ಧ ಗಂಟೆಯಲ್ಲಿ ಏನು ಹೇಳುವುದು ಎಂದು ಯೋಚಿಸುತ್ತಿದ್ದಾಗ ನೆನಪಿಗೆ ಬಂದದ್ದು ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಹೃದಯದ ಚಿತ್ರ. ಕೆಂಪು ಸೀಮೆಸುಣ್ಣದಲ್ಲಿ ಅಪಧಮನಿ, ನೀಲಿ ಸೀಮೆಸುಣ್ಣದಲ್ಲಿ ಅಭಿಧಮನಿ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ವಾಪಸು ತರುವುದು ಅಭಿಧಮನಿ, ಎರಡನ್ನೂ ಕೂಡಿಸುವುದು ಕೂದಲಿಗಿಂತ ಸಣ್ಣದಾದ ಲೋಮನಾಳ. ನಾವು ಇದನ್ನು ಬಾಯಿಪಾಠ ಮಾಡಿ ಒಪ್ಪಿಸಿ, ಸಂಜೆ ಮನೆಗೆ ಹೋಗಿ ಕೈ ನೋಡಿಕೊಂಡು, "ನನ್ನಲ್ಲಿ ನೀಲಿ ರಕ್ತ ಅದೆ" ಎಂದು ಹೇಳಿಕೊಂಡು ತಿರುಗುತ್ತಿದ್ದೆವು. ಮಕ್ಕಳೇ, ನೀಲಿ ರಕ್ತ ಯಾರಲ್ಲೂ ಇಲ್ಲ. ಅಭಿಧಮನಿಯ ರಕ್ತವೂ ಕೆಂಪೇ, ಸ್ವಲ್ಪ ಕಡುಗೆಂಪು. ಚರ್ಮದ ಮೂಲಕ ನೋಡುವಾಗ ನೀಲಿಯಂತೆ ಕಾಣುತ್ತದೆ, ಅಷ್ಟೆ.

ಶಾಲೆಯಲ್ಲಿ ಅಪಧಮನಿ, ಅಭಿಧಮನಿ ಎಂದು ಕಲಿತ ನಾವು ಮನೆಯಲ್ಲಿ ಆಡುತ್ತಿದ್ದ ಮಾತೇ ಬೇರೆ. ಅಲ್ಲಿ ಇದ್ದದ್ದು ಒಂದೇ ಪದ: ನರ. ಕೈಮೇಲೆ ಉಬ್ಬಿ ಕಾಣುವುದೂ ನರ. ಬೆನ್ನು ಹಿಡಿದುಕೊಂಡರೆ "ನರದ ಮೇಲೆ ನರ ಬಿದ್ದದೆ". ಕೋಪ ಬಂದವನ ಹಣೆಯಲ್ಲೂ ನರ, ಸೂಜಿ ಚುಚ್ಚಲು ನರ್ಸಮ್ಮ ಹುಡುಕುವುದೂ ನರ. ವೈದ್ಯಕೀಯ ಕಾಲೇಜಿಗೆ ಸೇರಿದ ಹೊಸದರಲ್ಲಿ ಈ ಮಾತು ಕೇಳಿ ನನಗೆ ನಗು ಬರುತ್ತಿತ್ತು. ರಕ್ತ ಹರಿಯುವ ಕೊಳವೆ ಬೇರೆ, ಸುದ್ದಿ ಸಾಗಿಸುವ ನರತಂತು ಬೇರೆ, ನಮ್ಮೂರಿನವರಿಗೆ ಅಷ್ಟೂ ಗೊತ್ತಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಆ ನಗುವನ್ನು ನಿಲ್ಲಿಸಿದವರು ನಮ್ಮ ಜಿಲ್ಲೆಯಲ್ಲೇ ಇರುವ ಬೇರೊಂದು ದೇಶದ ಜನ. ಇವತ್ತಿನ ನನ್ನ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಹನೂರು ಕಡೆಯ ಒಡೆಯರಪಾಳ್ಯದ ಹತ್ತಿರ ಟಿಬೆಟನ್ನರ ಶಿಬಿರ ಇರುವುದು ನಿಮಗೆಲ್ಲ ಗೊತ್ತು. 1970ರ ದಶಕದಲ್ಲಿ ನೆಲೆಯಾದ ಶಿಬಿರ ಅದು. ಅವರು ಅದನ್ನು ಧೋಂಡೆನ್‌ಲಿಂಗ್ ಎನ್ನುತ್ತಾರೆ. ನಾನು ಕೆಲವು ಕಾಲ ಆ ಕಡೆ ಕೆಲಸ ಮಾಡುತ್ತಿದ್ದಾಗ ಶಿಬಿರದ ವಯಸ್ಸಾದವರು ನನ್ನ ಹತ್ತಿರ ಬರುತ್ತಿದ್ದರು. ಒಬ್ಬ ಅಜ್ಜಿ ಒಂದು ದಿನ ಮುರುಕು ಕನ್ನಡದಲ್ಲಿ, "ನೀನು ಕೈ ಹಿಡಿಯೋದೇ ಇಲ್ಲ, ನಮ್ಮ ಅಮ್ಚಿ ಮೊದಲು ಕೈ ಹಿಡಿಯುತ್ತಾರೆ" ಎಂದರು. ಅಮ್ಚಿ ಎಂದರೆ ಅವರ ವೈದ್ಯರು. ನನಗೆ ಕುತೂಹಲವಾಗಿ ಒಂದು ಭಾನುವಾರ ಆ ಅಮ್ಚಿಯವರನ್ನು ನೋಡಲು ಹೋದೆ.

ಅವರು ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು: ತೋರುಬೆರಳು, ನಡುಬೆರಳು, ಉಂಗುರಬೆರಳು. ಮೂರನ್ನೂ ಒಂದೇ ಸಮನಾಗಿ ಒತ್ತುವುದಿಲ್ಲ. ತೋರುಬೆರಳು ಚರ್ಮವನ್ನು ಮುಟ್ಟಬೇಕು, ನಡುಬೆರಳು ಮಾಂಸವನ್ನು, ಉಂಗುರಬೆರಳು ಮೂಳೆಯನ್ನು ಎಂಬುದು ಅವರ ಪಾಠ. ಕೈಗಡಿಯಾರ ನೋಡಲಿಲ್ಲ. "ಎಣಿಸುವುದು ಹೇಗೆ?" ಎಂದು ಕೇಳಿದೆ. "ನನ್ನ ಉಸಿರಿನಿಂದ" ಎಂದರು. ವೈದ್ಯ ಒಂದು ಸಲ ಉಸಿರೆಳೆದು ಬಿಡುವಷ್ಟರಲ್ಲಿ ರೋಗಿಯ ನಾಡಿ 5 ಸಲ ಮಿಡಿದರೆ ಅದು ಆರೋಗ್ಯ. ಲೆಕ್ಕ ಹಾಕಿ ನೋಡಿ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾನೆ. 15ನ್ನು 5ರಿಂದ ಗುಣಿಸಿದರೆ 75. ನನ್ನ ಪಠ್ಯಪುಸ್ತಕ ಹೇಳುವ ಸಂಖ್ಯೆಯೂ ಅದರ ಆಸುಪಾಸಿನದೇ. ಗಡಿಯಾರವಿಲ್ಲದ ಕಾಲದಲ್ಲಿ ತಮ್ಮ ಎದೆಯನ್ನೇ ಗಡಿಯಾರ ಮಾಡಿಕೊಂಡವರು ಅವರು.

ಆಮೇಲೆ ನಾನು ಕೇಳಿದ ಪ್ರಶ್ನೆ, "ನಿಮ್ಮ ಭಾಷೆಯಲ್ಲಿ ರಕ್ತನಾಳಕ್ಕೆ ಏನನ್ನುತ್ತೀರಿ?" ಅವರು "ತ್ಸಾ" ಎಂದರು. "ನರಕ್ಕೆ?" ಎಂದೆ. ಅದಕ್ಕೂ "ತ್ಸಾ". ರಕ್ತ ಹರಿಯುವುದು ಕರಿ ತ್ಸಾ, ಮಿದುಳಿನಿಂದ ಇಳಿಯುವುದು ಬಿಳಿ ತ್ಸಾ. ಮಣಿಕಟ್ಟಿನಲ್ಲಿ ಮಿಡಿಯುವುದೂ ತ್ಸಾ. ಆಗ ನನಗೆ ನಮ್ಮ ಮನೆಯ "ನರ" ನೆನಪಾಯಿತು. ನಮ್ಮೂರಿನ ಅಜ್ಜಿಯರು ತಿಳಿಯದೆ ಎರಡನ್ನೂ ಬೆರೆಸಿರಲಿಲ್ಲ. ಚರ್ಮದ ಹೊರಗಿನಿಂದ ನೋಡುವವರಿಗೆ, ಬೆರಳಿನಿಂದ ಮುಟ್ಟಿ ತಿಳಿಯುವವರಿಗೆ, ದೇಹದಲ್ಲಿ ಉದ್ದಕ್ಕೆ ಎಳೆದಂತಿರುವ ಎಲ್ಲವೂ ಒಂದೇ ಜಾತಿ. ಪದ ಹುಟ್ಟಿದ್ದು ಬೆರಳಿನಿಂದ, ಕತ್ತಿಯಿಂದಲ್ಲ.

ಟಿಬೆಟ್ಟಿನ ಈ ವಿದ್ಯೆಗೆ ಎರಡು ಕಡೆಯಿಂದ ನೀರು ಬಂದಿದೆ. ನಮ್ಮ ವಾಗ್ಭಟನ ಅಷ್ಟಾಂಗಹೃದಯ 11ನೆಯ ಶತಮಾನದಲ್ಲಿ ಟಿಬೆಟನ್ ಭಾಷೆಗೆ ಅನುವಾದವಾಯಿತು. ವಾತ, ಪಿತ್ತ, ಕಫದ ಮಾತು ಹೋದದ್ದು ನಮ್ಮಿಂದ. ಆದರೆ ಆ ಗ್ರಂಥದಲ್ಲಿ ನಾಡಿ ನೋಡುವ ವಿಧಾನ ಇಲ್ಲ. ಚರಕ, ಸುಶ್ರುತರ ಸಂಹಿತೆಗಳಲ್ಲೂ ಇಲ್ಲ. ನಮ್ಮ ಆಯುರ್ವೇದದಲ್ಲಿ ಅದು ವಿವರವಾಗಿ ಕಾಣಿಸಿಕೊಳ್ಳುವುದು ಶಾರ್ಙ್ಗಧರ ಸಂಹಿತೆಯ ಹೊತ್ತಿಗೆ, ಸುಮಾರು 13-14ನೆಯ ಶತಮಾನದಲ್ಲಿ. ವಾತದ ನಾಡಿ ಹಾವಿನಂತೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯಂತೆ ಕುಪ್ಪಳಿಸುತ್ತದೆ, ಕಫದ್ದು ಹಂಸದಂತೆ ನಡೆಯುತ್ತದೆ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಅದಕ್ಕೂ ಸಾವಿರ ವರ್ಷ ಮುಂಚೆಯೇ ಮಣಿಕಟ್ಟನ್ನು ಹಿಡಿದು ಕುಳಿತಿದ್ದವರು ಚೀನಾದ ವೈದ್ಯರು. ಟಿಬೆಟನ್ನರ ನಾಡಿವಿದ್ಯೆಯ ಬಹುಪಾಲು ಆ ಕಡೆಯದು.

ಚೀನೀಯರು ರಕ್ತನಾಳಕ್ಕೆ "ಮೈ" ಎನ್ನುತ್ತಾರೆ. ಕನ್ನಡದ ಮೈ ಅಲ್ಲ, ಕೇಳುವುದಕ್ಕೆ ಮಾತ್ರ ಹಾಗೆ. ಅವರ ಲಿಪಿಯಲ್ಲಿ ಆ ಅಕ್ಷರ ಎರಡು ಚಿತ್ರಗಳು ಸೇರಿ ಆದದ್ದು. ಒಂದು ಮಾಂಸದ ಗುರುತು, ಇನ್ನೊಂದು ಕವಲೊಡೆದು ಹರಿಯುವ ಹೊಳೆಯ ಗುರುತು. ಮಾಂಸದೊಳಗಿನ ಹೊಳೆ, ಅದೇ ರಕ್ತನಾಳ. ಸುಮಾರು 2000 ವರ್ಷ ಹಳೆಯದಾದ ಅವರ ಮೂಲ ವೈದ್ಯಗ್ರಂಥ ಹುವಾಂಗ್‌ದಿ ನೈಜಿಂಗ್. ಅದರ ಒಂದು ಅಧ್ಯಾಯದಲ್ಲಿ ದೇಹದ 12 ಮುಖ್ಯ ನಾಳಗಳನ್ನು ಚೀನಾದ 12 ನದಿಗಳಿಗೆ ಒಂದೊಂದಾಗಿ ಹೋಲಿಸಿದ್ದಾರೆ. ನದಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಆಳ, ಒಂದು ತೆಳು. ನಾಳಗಳೂ ಹಾಗೇ.

ಇದನ್ನು ಓದಿದಾಗ ನನಗೆ ಸುಶ್ರುತ ನೆನಪಾದ. ಅವನು ನಾಳಗಳಿಗೆ ಕೊಟ್ಟ ಹೋಲಿಕೆ ದೊಡ್ಡ ನದಿಯದಲ್ಲ. ತೋಟಕ್ಕೂ ಗದ್ದೆಗೂ ನೀರು ಹಾಯಿಸುವ ಕಾಲುವೆಗಳಂತೆ ಸಿರೆಗಳು ಈ ಶರೀರವನ್ನು ತೇವವಾಗಿಡುತ್ತವೆ ಎನ್ನುತ್ತಾನೆ. ನಾಲೆ, ಸೀಳುಗಾಲುವೆ, ಮಡೆ ನೋಡಿ ಬೆಳೆದ ನಮಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿಲ್ಲ. ಕಬಿನಿಯ ನೀರು ನಾಲೆಗೆ ಬಂದು, ತೂಬಿನಲ್ಲಿ ಇಳಿದು, ಒಬ್ಬೊಬ್ಬರ ಬದುವಿನ ಪಕ್ಕ ಹರಿದು, ಕೊನೆಗೆ ಒಂದು ಪೈರಿನ ಬುಡ ಮುಟ್ಟುವ ಹಾಗೆ. ಪದಗಳೂ ಅದನ್ನೇ ಹೇಳುತ್ತವೆ. ಸಿರೆ ಎಂದರೆ ಹರಿಯುವುದು. ಧಮನಿ ಎಂಬ ಪದದ ಧಾತು ಊದುವುದಕ್ಕೆ ಸಂಬಂಧಪಟ್ಟದ್ದು, ಕಮ್ಮಾರನ ತಿದಿಯ ಹಾಗೆ ಉಬ್ಬಿ ಇಳಿಯುವುದು. ನಾಡಿ ಎಂದರೆ ಕೊಳವೆ.

ಇಷ್ಟು ಹೇಳಿದ ಮೇಲೆ ನೀವು, "ಹಾಗಾದರೆ ಎಲ್ಲ ನಮ್ಮ ಹಿಂದಿನವರಿಗೇ ಗೊತ್ತಿತ್ತು" ಎಂದುಕೊಳ್ಳಬಹುದು. ಅಲ್ಲಿಗೆ ನಿಲ್ಲಬೇಡಿ. ಹೋಲಿಕೆಯಿಂದ ದಾರಿ ಸಿಗುತ್ತದೆ. ಆದರೆ ಅದೇ ಹೋಲಿಕೆ ಕಣ್ಣನ್ನು ಕಟ್ಟಿಯೂ ಹಾಕುತ್ತದೆ.

ಒಂದು ಉದಾಹರಣೆ. 1973ರಲ್ಲಿ ಚೀನಾದ ಛಾಂಗ್‌ಶಾ ಎಂಬ ಊರಿನ ಹತ್ತಿರ ಮಾವಾಂಗ್‌ದುಯಿ ಎಂಬಲ್ಲಿ ಒಂದು ಗೋರಿಯನ್ನು ಅಗೆದರು. ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿ. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ನಾಳಗಳು 12 ಅಲ್ಲ, 11. ಒಂದಕ್ಕೊಂದು ಕೂಡಿಕೊಂಡೂ ಇಲ್ಲ. ಮುಂದಿನ ಗ್ರಂಥಗಳಲ್ಲಿ ಅವು 12 ಆದವು, ಒಂದರ ತುದಿ ಇನ್ನೊಂದಕ್ಕೆ ಸೇರಿ ಬಳೆಯಂತೆ ಕೊನೆಯಿಲ್ಲದ ಸುತ್ತಾದವು. ವರ್ಷಕ್ಕೆ 12 ತಿಂಗಳು, ನಾಡಿಗೆ 12 ನದಿ, ದೇಹಕ್ಕೆ 12 ನಾಳ. ನಮ್ಮಲ್ಲೂ ಹೀಗೇ. ಸುಶ್ರುತನ ಲೆಕ್ಕದಲ್ಲಿ ಸಿರೆಗಳು 700. ವಾತಕ್ಕೆ 175, ಪಿತ್ತಕ್ಕೆ 175, ಕಫಕ್ಕೆ 175, ರಕ್ತಕ್ಕೆ 175. ದೇಹ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಹಾಗೆಂದು ಸುಶ್ರುತ ಕುಳಿತಲ್ಲೇ ಕಥೆ ಕಟ್ಟಿದವನಲ್ಲ. ಶವವನ್ನು 7 ರಾತ್ರಿ ನೀರಿನಲ್ಲಿಟ್ಟು, ಪದರ ಪದರವಾಗಿ ಉಜ್ಜಿ ನೋಡಬೇಕು ಎಂದು ವಿಧಿಸಿದವನು. ಯಾವ 98 ಸಿರೆಗಳನ್ನು ಎಂದಿಗೂ ಕೊಯ್ಯಬಾರದು ಎಂದು ಅಂಗಾಂಗವಾಗಿ ಪಟ್ಟಿ ಕೊಟ್ಟವನು. ಅದು ಕತ್ತಿ ಹಿಡಿದ ಕೈಯ ಅನುಭವ.

ಗಣಿತದ ಮೇಷ್ಟ್ರಿಗೆ ಇಷ್ಟವಾಗುವ ಒಂದು ಲೆಕ್ಕ ಹೇಳುತ್ತೇನೆ. ನೈಜಿಂಗ್ ಪ್ರಕಾರ ದೇಹದ ನಾಳಗಳ ಒಟ್ಟು ಉದ್ದ ಅವರ ಅಳತೆಯಲ್ಲಿ 162 ಅಡಿ. ಅವರಲ್ಲಿ ಅಡಿಗೆ 10 ಅಂಗುಲ. ಒಂದು ಉಸಿರಿಗೆ ಒಳಗಿನ ಹರಿವು 6 ಅಂಗುಲ ಮುಂದೆ ಹೋಗುತ್ತದೆ. ದಿನಕ್ಕೆ 13,500 ಉಸಿರು. ಗುಣಿಸಿ ಭಾಗಿಸಿದರೆ ದಿನಕ್ಕೆ ಸರಿಯಾಗಿ 50 ಸುತ್ತು. ಶೇಷವೇ ಇಲ್ಲ! ಆದರೆ ಉಸಿರನ್ನು ಎಣಿಸಿ ನೋಡಿ. ದಿನಕ್ಕೆ 13,500 ಎಂದರೆ ನಿಮಿಷಕ್ಕೆ 10ಕ್ಕಿಂತ ಕಡಿಮೆ. ನಮ್ಮ ಯೋಗಿಗಳು ಹೇಳುತ್ತಿದ್ದ 21,600 ಹೆಚ್ಚು ಹತ್ತಿರ, ಅದು ನಿಮಿಷಕ್ಕೆ 15. ಇನ್ನು ಸುತ್ತಿನ ಮಾತು. ದಿನಕ್ಕೆ 50 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ. ನಿಜವಾಗಿ ವಿಶ್ರಾಂತಿಯಲ್ಲಿರುವ ದೇಹದ ರಕ್ತ ಒಂದು ಸುತ್ತು ಬರಲು ಸುಮಾರು ಒಂದು ನಿಮಿಷ ಸಾಕು. ರಕ್ತ ಸುತ್ತುತ್ತದೆ ಎಂಬ ಊಹೆ ಅವರಿಗೆ ಬಂದಿತ್ತು, ಅದು ದೊಡ್ಡದು. ಸುತ್ತಿಸುವ ಪಂಪು ಹೃದಯವೆಂದು, ಅದು ಎಷ್ಟು ತಳ್ಳುತ್ತದೆಂದು ಅಳೆದು ನೋಡಿರಲಿಲ್ಲ.

ಒಳಗೆ ಇಣುಕಿ ನೋಡಿದವರೂ ಅಲ್ಲಿದ್ದರು. ಕ್ರಿ.ಶ. 16ರಲ್ಲಿ ವಾಂಗ್ ಮಾಂಗ್ ಎಂಬ ಚಕ್ರವರ್ತಿ ತನ್ನ ವಿರೋಧಿ ಗುಂಪಿನವನೊಬ್ಬನ ದೇಹವನ್ನು ವೈದ್ಯರಿಂದಲೂ ಕಟುಕನಿಂದಲೂ ಕೊಯ್ಯಿಸಿ, ಸಣ್ಣ ಬಿದಿರುಕಡ್ಡಿಗಳನ್ನು ನಾಳಗಳೊಳಗೆ ತೂರಿಸಿ, ಅವು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆಂದು ನೋಡಿಸಿದ ಎಂದು ಚೀನಾದ ಇತಿಹಾಸಗ್ರಂಥ ದಾಖಲಿಸಿದೆ. ಕ್ರೂರವಾದ ಸಂದರ್ಭ. ಆದರೆ ಕಡ್ಡಿ ತೂರಿಸಿ ನೋಡೋಣ ಎಂಬ ಯೋಚನೆ ಬಂದಿತ್ತು.

ಇನ್ನೊಬ್ಬನ ಕಥೆ ನನಗೆ ಬಹಳ ಮನಸ್ಸಿಗೆ ಹತ್ತಿರ. ವಾಂಗ್ ಛಿಂಗ್‌ರೆನ್ ಎಂಬ ವೈದ್ಯ. 1797ರಲ್ಲಿ ಒಂದು ಊರಿನಲ್ಲಿ ಸಾಂಕ್ರಾಮಿಕ ರೋಗ ಬಂದು ಮಕ್ಕಳು ಸಾಯುತ್ತಿದ್ದರು. ಬಡವರು ಹೆಣಗಳನ್ನು ಆಳವಾಗಿ ಹೂಳಲಾರದೆ ಹೋದರು, ನಾಯಿಗಳು ಎಳೆದು ಹಾಕಿದ್ದವು. ವಾಂಗ್ ದಿನವೂ ಅಲ್ಲಿಗೆ ಹೋಗಿ, ಅಂಗಗಳನ್ನು ಕಣ್ಣಾರೆ ನೋಡಿ, ಗ್ರಂಥಗಳಲ್ಲಿರುವುದರ ಜೊತೆ ಹೋಲಿಸಿದ. ಗ್ರಂಥಗಳಲ್ಲಿ ಬಹಳ ತಪ್ಪಿದೆ ಎಂದು ಗೊತ್ತಾಯಿತು. 1830ರಲ್ಲಿ ಆ ತಪ್ಪುಗಳನ್ನು ತಿದ್ದುವ ಪುಸ್ತಕವನ್ನೇ ಪ್ರಕಟಿಸಿದ. ಎಷ್ಟು ಧೈರ್ಯ ನೋಡಿ. ಆದರೆ ಅವನೂ ಒಂದು ಕಡೆ ಎಡವಿದ. ಸತ್ತ ದೇಹದಲ್ಲಿ ಅಪಧಮನಿಗಳು ಬಹುಮಟ್ಟಿಗೆ ಬರಿದಾಗಿರುತ್ತವೆ, ರಕ್ತವೆಲ್ಲ ಅಭಿಧಮನಿಗಳ ಕಡೆ ಸೇರಿರುತ್ತದೆ. ಅದನ್ನು ನೋಡಿ ಅವನು, ದೊಡ್ಡ ಅಪಧಮನಿಗಳಲ್ಲಿ ಹರಿಯುವುದು ರಕ್ತವಲ್ಲ, ಉಸಿರಿನಂಥ ವಾಯು ಎಂದು ಬರೆದ. ಪ್ರಾಚೀನ ಗ್ರೀಕರೂ ಅಪಧಮನಿಯಲ್ಲಿ ಇರುವುದು ಗಾಳಿ ಎಂದು ಇದೇ ತಪ್ಪು ಮಾಡಿದ್ದರು. ಕಣ್ಣಾರೆ ಕಂಡರೂ ಕಂಡದ್ದರ ಅರ್ಥ ತಪ್ಪಬಹುದು. ಸತ್ತದ್ದನ್ನು ನೋಡಿ ಬದುಕಿದ್ದರ ಬಗ್ಗೆ ತೀರ್ಮಾನ ಮಾಡಿದ್ದು ಅಲ್ಲಿಯ ತೊಡಕು.

ಬದುಕಿರುವ ದೇಹದ ಮೇಲೆಯೇ ಪರೀಕ್ಷೆ ಮಾಡಿ ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಅವನು ಮಾಡಿದ್ದನ್ನು ಈಗ ನೀವೂ ಮಾಡಬಹುದು. ಮಕ್ಕಳೇ, ನಿಮ್ಮ ತಾತನದೋ ಅಪ್ಪನದೋ ಕೈ ಹಿಡಿದುಕೊಳ್ಳಿ, ಗದ್ದೆ ಕೆಲಸ ಮಾಡಿದ ಕೈಯಾದರೆ ನರ ಚೆನ್ನಾಗಿ ಕಾಣುತ್ತದೆ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಲಿ. ಅಂಗೈ ಹಿಂಭಾಗದಲ್ಲಿ ಉಬ್ಬಿದ ಒಂದು ನರವನ್ನು ಬೆರಳುಗಳ ಕಡೆಯ ತುದಿಯಲ್ಲಿ ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮಣಿಕಟ್ಟಿನ ಕಡೆಗೆ ಸವರಿ ಬಿಡಿ. ನರ ಚಪ್ಪಟೆಯಾಯಿತಲ್ಲ? ಮೇಲಿನಿಂದ ರಕ್ತ ವಾಪಸು ಇಳಿಯಲಿಲ್ಲ. ಈಗ ಒತ್ತಿದ ಬೆರಳು ತೆಗೆಯಿರಿ. ಕೆಳಗಿನಿಂದ ತಟ್ಟನೆ ತುಂಬಿಕೊಂಡಿತು. ಒಳಗೆ ಒಂದೇ ಕಡೆಗೆ ತೆರೆಯುವ ಕವಾಟಗಳಿವೆ, ರಕ್ತ ಹೃದಯದ ಕಡೆಗೆ ಮಾತ್ರ ಹೋಗುತ್ತದೆ. ಇದರ ಜೊತೆಗೆ ಹಾರ್ವೆ ಒಂದು ಲೆಕ್ಕ ಹಾಕಿದ. ಇವತ್ತಿನ ಅಂಕಿಗಳಲ್ಲಿ ಹೇಳುವುದಾದರೆ ಹೃದಯ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್. ದಿನಕ್ಕೆ 7,200 ಲೀಟರ್. ಬೇಸಿಗೆಯಲ್ಲಿ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು. ದೇಹದಲ್ಲಿರುವುದೇ 5 ಲೀಟರ್. ಅಷ್ಟು ರಕ್ತ ದಿನವೂ ಹೊಸದಾಗಿ ಹುಟ್ಟಿ ಇಂಗಿಹೋಗಲು ಸಾಧ್ಯವಿಲ್ಲ, ಅದೇ ರಕ್ತ ಸುತ್ತಿ ಬರಲೇಬೇಕು. ಇಲ್ಲಿ ಕಾಲುವೆಯ ಹೋಲಿಕೆ ಮುರಿಯುತ್ತದೆ. ಗದ್ದೆಗೆ ಬಿಟ್ಟ ನೀರು ಇಂಗುತ್ತದೆ, ನಾಲೆಯ ತಲೆಗೆ ವಾಪಸು ಬರುವುದಿಲ್ಲ. ರಕ್ತ ಬರುತ್ತದೆ. ಅಪಧಮನಿಗೂ ಅಭಿಧಮನಿಗೂ ನಡುವಿನ ಕೊಂಡಿಯಾದ ಲೋಮನಾಳವನ್ನು 1661ರಲ್ಲಿ ಇಟಲಿಯ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ, ಕಪ್ಪೆಯ ಶ್ವಾಸಕೋಶದಲ್ಲಿ ಕಂಡ. ಅಲ್ಲಿಗೆ ನಮ್ಮ ಮೇಷ್ಟ್ರ ಕೆಂಪು ನೀಲಿ ಚಿತ್ರ ಪೂರ್ತಿಯಾಯಿತು.

ಇಷ್ಟೆಲ್ಲ ನಾನು ಓದಿ ತಿಳಿದದ್ದು. ಇನ್ನು ಹೇಳುವುದು ನನ್ನ ಮನೆಯ ಮಾತು. ಇದನ್ನು ವೇದಿಕೆಯಿಂದ ಹೇಳಬೇಕೋ ಬೇಡವೋ ಎಂದು ರಾತ್ರಿ ಯೋಚಿಸಿದೆ. ಹೇಳದಿದ್ದರೆ ಇಲ್ಲಿಯವರೆಗೆ ಆಡಿದ ಮಾತಿಗೆ ಪ್ರಯೋಜನವಿಲ್ಲ ಎನ್ನಿಸಿತು.

ನಮ್ಮಪ್ಪ ಊರಿನ ನೀರ್ಗಂಟಿ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ತಾಕಿಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಮಾಡುವುದು. ಮಳೆಗಾಲದಲ್ಲಿ ರಾತ್ರಿ ಎದ್ದು ಏರಿಯ ಮೇಲೆ ನಡೆದು ಬರುತ್ತಿದ್ದರು. ನಾನು ಚಿಕ್ಕವನಿದ್ದಾಗ ಲಾಟೀನು ಹಿಡಿದು ಹಿಂದೆ ಹೋಗುತ್ತಿದ್ದೆ. ಅವರು ಕೆರೆಯ ನೀರನ್ನು ನೋಡುತ್ತಿರಲಿಲ್ಲ, ಏರಿಯ ಹೊರಬದಿಯ ಬುಡವನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. "ನೀರು ಎಷ್ಟದೆ ಅಂತ ಮ್ಯಾಲೆ ನೋಡುದ್ರೆ ಗೊತ್ತಾಯ್ತದೆ ಮಗ. ಏರಿ ಎಷ್ಟು ತಡೀತದೆ ಅನ್ನೋದು ಬುಡ ನೋಡುದ್ರೇನೆ ಗೊತ್ತಾಗೋದು" ಎನ್ನುತ್ತಿದ್ದರು.

ನಾನು ವೈದ್ಯಕೀಯ ಮೂರನೆಯ ವರ್ಷದಲ್ಲಿದ್ದಾಗ ಹಬ್ಬಕ್ಕೆ ಊರಿಗೆ ಬಂದೆ. ಬ್ಯಾಗಿನಲ್ಲಿ ಸ್ಟೆತಾಸ್ಕೋಪ್ ಇತ್ತು, ಸಾಲ ಮಾಡಿ ಕೊಂಡ ಬಿ.ಪಿ. ನೋಡುವ ಉಪಕರಣವೂ ಇತ್ತು. ಹಾಸ್ಟೆಲಿನಲ್ಲಿ ಗೆಳೆಯರ ತೋಳಿಗೆಲ್ಲ ಅದನ್ನು ಕಟ್ಟಿ ಕಟ್ಟಿ ಅಭ್ಯಾಸ ಮಾಡಿದ್ದೆ. ಊಟ ಆದ ಮೇಲೆ ಅಪ್ಪ ಜಗುಲಿಯಲ್ಲಿ ಕುಳಿತು ಬಲಗೈ ಚಾಚಿ, "ನಾಡಿ ಹಿಡಿದು ನೋಡು ಮಗ, ಓದ್ದೋನು ನೀನು" ಎಂದರು. ಅಕ್ಕಪಕ್ಕದವರು ನೋಡುತ್ತಿದ್ದರು. ಅವರಿಗೆ ಹೆಮ್ಮೆ, ನನಗೂ ಹೆಮ್ಮೆ. ಮೂರು ಬೆರಳಿಟ್ಟು ಗಡಿಯಾರ ನೋಡಿ ಎಣಿಸಿದೆ. "ಏನಂತದೆ?" ಎಂದರು. "ಚೆನ್ನಾಗದೆ ಅಪ್ಪ, ಎಪ್ಪತ್ತಾರು" ಎಂದೆ. "ಹಂಗಾರೆ ಏನೂ ಇಲ್ಲ ಬುಡು" ಎಂದು ಎದ್ದು ಕೆರೆ ಕಡೆ ಹೋದರು. ಒಳಗಿದ್ದ ಬ್ಯಾಗನ್ನು ನಾನು ತೆಗೆಯಲೇ ಇಲ್ಲ.

ಏಳು ತಿಂಗಳಿಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ನೋಡಿದಾಗ ಬಿ.ಪಿ. 220 ಇತ್ತು. ಮಿದುಳಿನ ಒಂದು ಸಣ್ಣ ರಕ್ತನಾಳ ಒಡೆದಿತ್ತು. ಎಷ್ಟು ವರ್ಷದಿಂದ ಆ ಒತ್ತಡ ಇತ್ತೋ, ಯಾರೂ ಒಂದು ಸಲವೂ ಅಳೆದಿರಲಿಲ್ಲ. ಆಮೇಲೆ ಅವರು ಆರು ವರ್ಷ ಇದ್ದರು. ಅಂದು ನನ್ನ ಮುಂದೆ ಚಾಚಿದ ಬಲಗೈ ಮತ್ತೆ ತೂಬಿನ ಹಿಡಿ ಹಿಡಿಯಲಿಲ್ಲ. ಮಾತೂ ಸರಿಯಾಗಿ ಬರುತ್ತಿರಲಿಲ್ಲ. ಮಳೆ ಬಂದ ರಾತ್ರಿಗಳಲ್ಲಿ ಎದ್ದು ಕುಳಿತು ಕೆರೆಯ ಕಡೆಗೆ ಎಡಗೈ ತೋರಿಸುತ್ತಿದ್ದರು.

ಬಹಳ ವರ್ಷ ನಾನು, ನಾಡಿ ನೋಡುವುದೇ ಮೋಸ, ಅದನ್ನು ನಂಬಿ ಕೆಟ್ಟೆವು ಎಂದು ಸಿಟ್ಟಾಗಿದ್ದೆ. ಒಡೆಯರಪಾಳ್ಯದ ಅಮ್ಚಿಯವರ ಮುಂದೆ ಕುಳಿತ ದಿನ ಆ ಸಿಟ್ಟು ಎಲ್ಲಿರಬೇಕೋ ಅಲ್ಲಿಗೆ ಹೋಯಿತು. ಅವರು ನನ್ನ ಕೈಯನ್ನು ಐದು ನಿಮಿಷ ಹಿಡಿದಿದ್ದರು. ಪೂರ್ವದ ವೈದ್ಯರು ನಾಡಿಯ ವೇಗವನ್ನು ಮಾತ್ರ ನೋಡುವುದಿಲ್ಲ. 3ನೆಯ ಶತಮಾನದಲ್ಲಿ ವಾಂಗ್ ಷೂಹೆ ಎಂಬ ಚೀನೀ ವೈದ್ಯ ಬರೆದ ನಾಡಿಗ್ರಂಥದಲ್ಲಿ 24 ಬಗೆಯ ನಾಡಿಗಳಿವೆ. ನೀರಿನ ಮೇಲೆ ತೇಲುವ ಕಟ್ಟಿಗೆಯಂಥದು, ತಟ್ಟೆಯಲ್ಲಿ ಉರುಳುವ ಮುತ್ತಿನಂಥದು, ವಾದ್ಯದ ಬಿಗಿದ ತಂತಿಯಂಥದು ಎಂದೆಲ್ಲ ಅವರು ಅವನ್ನು ಗುರುತು ಹಿಡಿಯುತ್ತಾರೆ. ಬಿಗಿದ ತಂತಿ! ಗಡುಸಾದ ರಕ್ತನಾಳ ಬೆರಳಿಗೆ ಹಾಗೇ ಸಿಗುತ್ತದೆ. ಅಪ್ಪನ ನಾಡಿ ಅಂದು ಹೇಗಿತ್ತು? ನನಗೆ ನೆನಪಿಲ್ಲ. ಏಕೆಂದರೆ ನಾನು ನೋಡುತ್ತಿದ್ದದ್ದು ಗಡಿಯಾರವನ್ನು. ಹಳೆಯವರ ಹಾಗೆ ಬೆರಳಿನಿಂದ ನೋಡಲಿಲ್ಲ, ಹೊಸಬರ ಹಾಗೆ ಪಟ್ಟಿ ಕಟ್ಟಿ ಅಳೆಯಲೂ ಇಲ್ಲ. ತಪ್ಪು ನಾಡಿಯದಲ್ಲ, ನನ್ನದು.

ಕೈ ಬಿಟ್ಟ ಮೇಲೆ ಅಮ್ಚಿಯವರು ಏನು ಮಾಡಿದರು ಗೊತ್ತೇ? ಮೇಜಿನ ಖಾನೆ ಎಳೆದು ಬಿ.ಪಿ. ಉಪಕರಣ ತೆಗೆದು ನನ್ನ ತೋಳಿಗೆ ಕಟ್ಟಿದರು. ನಾನು ಆಶ್ಚರ್ಯದಿಂದ ನೋಡಿದೆ. "ಬೆರಳು ಸಂಖ್ಯೆ ಹೇಳುವುದಿಲ್ಲ" ಎಂದರು.

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಮೂರು ಬೆರಳುಗಳ ಕೆಳಗೆ ಇರುವುದು ಒಂದೇ ಅಪಧಮನಿ. ಒಂದು ಬೆರಳಿನ ಕೆಳಗೆ ಹೃದಯ, ಇನ್ನೊಂದರ ಕೆಳಗೆ ಮೂತ್ರಪಿಂಡ ಎಂಬ ಮಾತಿಗೆ ದೇಹದಲ್ಲಿ ಆಧಾರ ಸಿಕ್ಕಿಲ್ಲ. ಚೀನೀಯರ 12 ಗೆರೆಗಳಿಗೆ ಸರಿಹೊಂದುವ ಕೊಳವೆಗಳೂ ಕೊಯ್ದು ನೋಡಿದಾಗ ಸಿಕ್ಕಿಲ್ಲ. ಆದರೆ ನಾಡಿ ತಾಳ ತಪ್ಪಿ ಮಿಡಿಯುತ್ತಿದ್ದರೆ ಬೆರಳಿಗೆ ಗೊತ್ತಾಗುತ್ತದೆ, ಅದೂ ಲಕ್ವಕ್ಕೆ ಒಂದು ಕಾರಣ. ಸಕ್ಕರೆ ಕಾಯಿಲೆಯವರ ಪಾದದ ನಾಡಿ ಕ್ಷೀಣವಾಗಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಮುಖ್ಯವಾಗಿ, ಕೈ ಹಿಡಿದು ಕುಳಿತಾಗ ರೋಗಿ ಮಾತಾಡುತ್ತಾನೆ. ಅಜ್ಜಿ ನನಗೆ ಹೇಳಿದ್ದು ಅದನ್ನೇ. ಅಂದಿನಿಂದ ನಾನು ಯಾರನ್ನೂ ಕೈ ಹಿಡಿಯದೆ ಕಳಿಸಿಲ್ಲ.

ಆದರೆ ಒತ್ತಡವನ್ನು ಅಳೆದೇ ತಿಳಿಯಬೇಕು. ಅದನ್ನು ಮೊದಲು ಅಳೆದವನು ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಕುದುರೆಯ ಅಪಧಮನಿಗೆ ಕೊಳವೆ ಸೇರಿಸಿ ಗಾಜಿನ ನಳಿಕೆ ನಿಲ್ಲಿಸಿದ, ರಕ್ತ 8 ಅಡಿ 3 ಅಂಗುಲ ಮೇಲೇರಿತು. 1733ರಲ್ಲಿ ಅದನ್ನು ಪ್ರಕಟಿಸಿದ. ತೋಳಿಗೆ ಪಟ್ಟಿ ಕಟ್ಟುವ ಉಪಾಯ ಬಂದದ್ದು 1896ರಲ್ಲಿ, ಇಟಲಿಯ ರೀವಾ ರೋಚಿಯಿಂದ. ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳಿ ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡನ್ನೂ ಹೇಳುವುದನ್ನು 1905ರಲ್ಲಿ ತೋರಿಸಿಕೊಟ್ಟವನು ರಷ್ಯಾದ ಕೊರೊಟ್ಕಾಫ್. ಇವತ್ತು ಅದಕ್ಕೆ ಎರಡು ನಿಮಿಷ ಸಾಕು.

ಊರಿನ ಹಿರಿಯರಲ್ಲಿ, ನನ್ನ ವಯಸ್ಸಿನ ಗೆಳೆಯರಲ್ಲಿ ಒಂದು ವಿನಂತಿ. ಬಿ.ಪಿ. ಇದ್ದರೆ ತಲೆ ಸುತ್ತಬೇಕು, ಕಣ್ಣು ಮಂಜಾಗಬೇಕು ಎಂದುಕೊಂಡಿದ್ದೀರಿ. ಬಹಳ ಜನರಿಗೆ ಏನೂ ಆಗುವುದಿಲ್ಲ. ಗದ್ದೆ ಉಳುತ್ತಾರೆ, ಸಂತೆಗೆ ಬರುತ್ತಾರೆ, ಕಟ್ಟೆಯ ಮೇಲೆ ಕುಳಿತು ನಗುತ್ತಾರೆ. ಒಳಗೆ ಏರಿಯ ಬುಡ ಜಿನುಗುತ್ತಿರುತ್ತದೆ. 30 ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಅಳೆಸಿಕೊಳ್ಳಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140ರ ಮೇಲೆ 90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಡಾಕ್ಟರು ಹೇಳಿದ ಮಾತ್ರೆ ತೆಗೆದುಕೊಳ್ಳಿ. ಸರಿಹೋಯಿತು ಎಂದು ನೀವೇ ನಿಲ್ಲಿಸಬೇಡಿ. ಸರಿಹೋಗಿರುವುದು ಮಾತ್ರೆಯಿಂದ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಬೀಡಿ ಬಿಡಿ.

ಮಕ್ಕಳಿಗೆ ಒಂದು ಮಾತು. ಹಿಂದಿನವರು ಹೇಳಿದ್ದೆಲ್ಲ ಸುಳ್ಳು ಎನ್ನಬೇಡಿ, ಎಲ್ಲವೂ ನಿಜ ಎಂದೂ ಎನ್ನಬೇಡಿ. ಕೇಳಿ, ಮುಟ್ಟಿ ನೋಡಿ, ಆಮೇಲೆ ಅಳೆಯಿರಿ. ಈ ಶಾಲೆ ನನಗೆ ಅಳೆಯುವುದನ್ನು ಕಲಿಸಿತು, ನಮ್ಮಪ್ಪ ಮುಟ್ಟಿ ನೋಡುವುದನ್ನು ಕಲಿಸಿದ್ದರು. ಎರಡನ್ನೂ ಕೂಡಿಸಲು ನಾನು ಒಂದು ಸಲ ಮರೆತೆ. ನೀವು ಮರೆಯಬೇಡಿ.

ಸಭೆ ಮುಗಿದ ಮೇಲೆ ನಮ್ಮ ತರಗತಿಯ ಹೊರಗಿನ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಸಿದ್ದೇನೆ. ಬಿ.ಪಿ. ಉಪಕರಣ ತಂದಿದ್ದೇನೆ, ಇಬ್ಬರು ನರ್ಸಮ್ಮಂದಿರೂ ಬಂದಿದ್ದಾರೆ. ಊಟಕ್ಕೆ ಹೋಗುವ ಮುಂಚೆ ಎಲ್ಲರೂ ಒಂದು ಸಲ ತೋಳು ಕೊಟ್ಟು ಹೋಗಿ. ಮೊದಲು ನಮ್ಮ ವಿಜ್ಞಾನದ ಮೇಷ್ಟ್ರು ಬರಬೇಕು. ನಾಡಿಯನ್ನೂ ನೋಡುತ್ತೇನೆ ಸಾರ್, ಗಡಿಯಾರ ನೋಡದೆ.